ಬಚ್ಚಲಮನೆಗೆ ಸಿಕ್ಕ ತಡೆಯಾಜ್ಞೆ

ಅರ್ಜಿ ಕೊಟ್ಟೊಡನೆ ಅದು ಮಂಜೂರಾಯಿತೆಂದು ಭಾವಿಸುವುದು ಮನುಷ್ಯನ ಹುಟ್ಟುಗುಣವೆಂದು ತೋರುತ್ತದೆ. ಹೊಸನಗರದಲ್ಲಿ ಕನ್ನಡ ಮೇಷ್ಟ್ರಾಗಿದ್ದಷ್ಟು ಕಾಲವೂ ನಾನು ಈ ಗುಣದ ವಿರುದ್ಧ ಹೋರಾಡಿದವನು. ರಜಾಚೀಟಿಯನ್ನು ಮೇಜಿನ ಮೇಲಿಟ್ಟು ಸಿಗಂದೂರಿಗೆ ಹೊರಟುಬಿಡುವ ಹುಡುಗರನ್ನು ಬಾಗಿಲಲ್ಲೇ ನಿಲ್ಲಿಸಿ, “ಚೀಟಿ ಬರೆದವನು ನೀನು; ರಜೆ ಕೊಡಬೇಕಾದವನು ನಾನು” ಎನ್ನುತ್ತಿದ್ದೆ. ಈ ಪಾಠ ಮೇಷ್ಟ್ರಿಗೂ ಅನ್ವಯಿಸುತ್ತದೆಂದು ತಿಳಿದದ್ದು ಸ್ವಯಂನಿವೃತ್ತಿಯ ನಂತರ.

ನಮ್ಮ ಮನೆಯ ಪಕ್ಕದಲ್ಲಿ, ಹಿಂದಿನ ಮನೆಯ ಮಂಜಪ್ಪನವರು ಓಡಾಡುವ ಓಣಿಯೊಂದಿತ್ತು. ಅದು ನನ್ನದೇ ಜಾಗವೆಂಬ ದೃಢನಂಬಿಕೆಯಿಂದ ನಾನು ಅದರ ಮೇಲೊಂದು ಬಚ್ಚಲಮನೆ ಕಟ್ಟಿಸಿದೆ. ಓಣಿ ಇಬ್ಬರಿಗೂ ಸೇರಿದ್ದು, ಬಚ್ಚಲನ್ನು ತೆಗೆಯತಕ್ಕದ್ದು ಎಂದು ಊರಿನ ನ್ಯಾಯಾಲಯ ತೀರ್ಪಿತ್ತಿತು. ನಾನು ಸಾಗರದ ಮೇಲಿನ ಕೋರ್ಟಿಗೆ ಅಪೀಲು ಹಾಕಿ, ಇನ್ನು ಆ ಬಚ್ಚಲನ್ನು ಮುಟ್ಟುವವರಿಲ್ಲವೆಂದು ನಿಶ್ಚಿಂತನಾದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಹಂಡೆಯ ಉರಿ ನೋಡುತ್ತಿದ್ದ ಒಂದು ಬೆಳಿಗ್ಗೆ ಕೋರ್ಟಿನ ಅಮೀನರು ಅಂಗಳದಲ್ಲಿ ನಿಂತಿದ್ದರು.

“ನೀವಾಗೇ ತೆಗಿಸ್ತೀರಾ ಮೇಷ್ಟ್ರೇ, ಇಲ್ಲಾ ಮುಂದಿನ ವಾರ ನಾವೇ ಆಳು ಕರ್ಕೊಂಡು ಬರ್ಬೇಕಾ?”

ಮಗಳು ಹೆರಿಗೆಗೆಂದು ಬಂದು, ಮೊಮ್ಮಗಳು ಹುಟ್ಟಿ, ಮನೆಯೆಲ್ಲ ಸಾಂಬ್ರಾಣಿಯ ಹೊಗೆ ತುಂಬಿದ್ದ ಸಮಯವದು. ನನ್ನ ಹೆಂಡತಿ ಅಡಿಗೆಮನೆಯಿಂದಲೇ ತೀರ್ಪಿತ್ತಳು: “ನೀವು ಬೇಕಾದ್ರೆ ಹೊಳೆಗೆ ಹೋಗಿ ಮೀಯಿರಿ. ಬಾಣಂತಿಗೆ ನೀರು ಹಾಕೋದೆಲ್ಲಿ, ಕೋರ್ಟಲ್ಲಾ?”

ತಲೆಯ ಎಣ್ಣೆಯನ್ನು ಅರ್ಧಂಬರ್ಧ ಒರೆಸಿಕೊಂಡು ಸಾಗರದ ಬಸ್ಸು ಹತ್ತಿದೆ. ವಕೀಲರು ಶಾಂತವಾಗಿ ಹೇಳಿದರು: “ಅಪೀಲು ಹಾಕಿದ್ರೆ ತೀರ್ಪು ತಾನಾಗೇ ನಿಲ್ಲಲ್ಲ ಸಾರ್. ತಡೆಯಾಜ್ಞೆಗೆ, ಅಂದ್ರೆ ಸ್ಟೇಗೆ, ಬೇರೆ ಅರ್ಜಿ ಹಾಕ್ಬೇಕು, ಬೇರೆ ಕಾರಣ ತೋರಿಸ್ಬೇಕು. ಅದನ್ನೂ ಬರೆದು ಕಳಿಸಿದ್ದೆ. ನೀವೇ ಕೆಂಪು ಶಾಯೀಲಿ ಹೊಡೆದು ವಾಪಸ್ ಕಳಿಸಿದ್ರಲ್ಲ!”

ನಿಜ. ಎರಡು ಅರ್ಜಿಗಳಲ್ಲಿಯೂ ಅದೇ ಓಣಿ, ಅದೇ ಬಚ್ಚಲು ಇದ್ದುದರಿಂದ, ಎರಡನೆಯದರ ಅಂಚಿನಲ್ಲಿ ‘ಪುನರುಕ್ತಿ’ ಎಂದು ಬರೆದು ಹೊಡೆದುಹಾಕಿದ್ದೆ.

ಅಂತೂ ಮನೆಯಲ್ಲಿ ಬಾಣಂತಿಯಿದ್ದಾಳೆಂಬುದನ್ನು ಮನ್ನಿಸಿ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಅಪೀಲು ತೀರುವವರೆಗೆ ಬಚ್ಚಲನ್ನು ಇದ್ದಂತೆಯೇ ಇಡತಕ್ಕದ್ದು. ಬದಲಾಯಿಸುವುದಿಲ್ಲವೆಂದು ನಾನು ಬರೆದುಕೊಡತಕ್ಕದ್ದು. ಸಂತೋಷದಿಂದ ಬರೆದುಕೊಟ್ಟೆ. ಆದರೆ ಒಂದು ತೊಡಕು ಉಳಿದಿತ್ತು. ನಮ್ಮ ಕೇರಿಯಲ್ಲಿ ಬಾಣಂತಿಗೂ ಕೂಸಿಗೂ ನೀರು ಹಾಕುವವರು ಬಂಗಾರಮ್ಮ, ಅಂದರೆ ಮಂಜಪ್ಪನವರ ತಾಯಿ. ಸಾಗರದಿಂದ ತಡೆ ತಂದವನ ಮನೆಗೆ ಅವರು ಇನ್ನು ಬಂದಾರೆಯೇ?

ಮರುದಿನವೂ ಬಂದರು. ಸೆರಗು ಸಿಕ್ಕಿಸಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರು. “ಜಗಳ ನಿಮ್ದೂ ನನ್ ಮಗಂದೂ. ಕೂಸು ಎಂತ ಮಾಡ್ತು?” ಎಂದು, ಅವರ ಮಗ ಕೆಡವಿಸಲು ಕೋರ್ಟಿನಲ್ಲಿ ಗೆದ್ದಿದ್ದ ಬಚ್ಚಲಿನಲ್ಲಿಯೇ ನನ್ನ ಮೊಮ್ಮಗಳಿಗೆ ನೀರೆರೆದರು.

ಒಂದು ದಿನ ಅವರು ಬರುವುದು ತಡವಾಯಿತು. ನೋಡಲು ಹೊರಟರೆ, ರಸ್ತೆಯ ತಿರುವಿನ ಮೋರಿಕಟ್ಟೆಯ ಮೇಲೆ ಕುಳಿತು ಮಂಡಿ ನೀವಿಕೊಳ್ಳುತ್ತಿದ್ದರು.

“ಇಷ್ಟು ದೂರ ಸುತ್ತಿ ಬರ್ತೀರಾ ಬಂಗಾರಮ್ಮ?”

“ಮತ್ತೆಲ್ಲಿಂದ ಬರ್ಲಿ ಮೇಷ್ಟ್ರೇ? ಓಣಿ ತುಂಬ ನಿಮ್ ಬಚ್ಚಲು ಕೂತೈತೆ. ಬಚ್ಚಲಿಗೆ ಬರೋಕೆ ಬಚ್ಚಲನ್ನೇ ಸುತ್ತಬೇಕು!” ಎಂದು ನಕ್ಕರು. ಏಳಲು ಮಾತ್ರ ನನ್ನ ಕೈ ಹಿಡಿಯಬೇಕಾಯಿತು.

ನ್ಯಾಯಾಧೀಶರು ಪುಟಗಟ್ಟಲೆ ಬರೆದರೂ ನನಗೆ ಅರ್ಥವಾಗದಿದ್ದ ತೀರ್ಪು ಆ ಮೋರಿಕಟ್ಟೆಯ ಬಳಿ ಅರ್ಥವಾಯಿತು. ಸಂಜೆ ಮಂಜಪ್ಪನವರ ಮನೆಗೆ ಹೋಗಿ, ಬಾಣಂತಿಯ ನೀರು ಮುಗಿದೊಡನೆ ಬಚ್ಚಲನ್ನು ನಾನೇ ತೆಗೆಸುವೆನೆಂದೆ. “ಅವ್ವ ಕೂಸಿಗೆ ನೀರು ಹಾಕೋ ತನಕ ನಂಗೂ ಎಂತ ಆತುರ ಇಲ್ಲ ಬಿಡಿ” ಎಂದರು ಅವರು. ಬಂಗಾರಮ್ಮ ಓಣಿಯಿಂದ ನೇರವಾಗಿ ಬರುವಂತೆ ಬಚ್ಚಲಿನ ಹಿಂದಿನ ಗೋಡೆಗೆ ಈಗಲೇ ಒಂದು ಬಾಗಿಲನ್ನಾದರೂ ಇಡಿಸೋಣವೆಂದು ವಕೀಲರಿಗೆ ಫೋನು ಮಾಡಿದರೆ ಅವರು ಹೌಹಾರಿದರು. “ಇದ್ದಂಗೇ ಇಡ್ತೀನಿ ಅಂತ ಬರ್ಕೊಟ್ಟವ್ರು ನೀವೇ ಸಾರ್! ರಾಜಿ ಅರ್ಜಿ ಹಾಕೋಣ. ಕೋರ್ಟು ಒಪ್ಪೋ ತನಕ ಒಂದು ಇಟ್ಟಿಗೇನೂ ಮುಟ್ಬೇಡಿ.”

ಆದ್ದರಿಂದ ಈಗ ದಿನವೂ ಬೆಳಿಗ್ಗೆ ಬಂಗಾರಮ್ಮನವರ ಮನೆಯವರೆಗೆ ಸುತ್ತಿ ಹೋಗಿ, ಅವರ ಕೈ ಹಿಡಿದು ಸುತ್ತಿಯೇ ಕರೆತರುತ್ತೇನೆ. ದಾರಿಯಲ್ಲಿ ಯಾರಾದರೂ “ಎಂತ ಮೇಷ್ಟ್ರು ಜೊತೆಗೆ?” ಎಂದು ವಿಚಾರಿಸಿದರೆ ಬಂಗಾರಮ್ಮ ನನಗೆ ಬಾಯಿ ತೆರೆಯಲು ಅವಕಾಶವನ್ನೇ ಕೊಡುವುದಿಲ್ಲ.

“ಸಾಗರದಿಂದ ಸ್ಟೇ ತಂದವ್ರಲ್ಲ, ಇವ್ರೇ. ಪಾಪ, ತಂದಾಗಿಂದ ನಡೀತಾನೇ ಇದಾರೆ.”