ಅಗಸಿಗೆ ಅಂಟಿಸಿದ ಚೀಟಿಗಳು

ನಮ್ಮ ಸೋದರಮಾವನಂಥ ಪುಕ್ಕಲ ಇಡೀ ಲಿಂಗಸುಗೂರು ತಾಲ್ಲೂಕಿನಲ್ಲಿ ಇರಲಿಲ್ಲ. ಹಾವಿಗೆ ಹೆದರುತ್ತಿರಲಿಲ್ಲ, ಪೊಲೀಸರಿಗೂ ಹೆದರುತ್ತಿರಲಿಲ್ಲ. ತಲೆ ಮೇಲಿನ ಸಿಮೆಂಟಿನ ಛತ್ತಿಗೆ ಹೆದರುತ್ತಿದ್ದ! ಸಿಂಧನೂರಿನ ಹೊಸ ಕಲ್ಯಾಣಮಂಟಪದಲ್ಲಿ ಯಾರದಾದರೂ ಮದುವೆಯಿದ್ದರೆ, ಬಡಿಸಿದ ಎಲೆ ಎತ್ತಿಕೊಂಡು ಬಂದು ಬಿಸಿಲಲ್ಲಿ ಕೂತು ಉಣ್ಣುತ್ತಿದ್ದ. ಬೀಗರು ಇವನನ್ನು ಸಮಾಧಾನಪಡಿಸಲು ಹೊಸ ಧೋತರ ತಂದರೆ ಅದನ್ನೂ ಬಿಡುತ್ತಿರಲಿಲ್ಲ.

ಇಬ್ಬರೂ ಮನೆ ಕಟ್ಟುವವರೇ; ಅವನು ಸುಣ್ಣದ ಗಾರೆಯ ಗೌಂಡಿ, ನಾನು ಸಿಮೆಂಟಿನ ಗೌಂಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಬುಟ್ಟಿ ಹೊತ್ತು ಕಸುಬು ಕಲಿತವನು ನಾನು. ನಮ್ಮೂರಿನ ಮೊದಲ ಕಾಂಕ್ರೀಟ್ ಮನೆ ನನ್ನದೇ.

ಭತ್ತದ ಲಾರಿಗಳಿಗೆ ಊರ ಹೆಬ್ಬಾಗಿಲು, ಹಳೆ ಗಾರೆಯ ಅಗಸಿ, ಅಡ್ಡವಾಯಿತು. ಮುಷ್ಟಿ ಹೋಗುವಷ್ಟು ಬಿರುಕು ಬೇರೆ. ಯಾರ ತಲೆ ಮೇಲೆ ಬೀಳುವುದೋ ಎಂದು ಹಿರಿಯರು ಕೆಡವಲು ನನಗೇ ಹೇಳಿದರು. ಎರಡು ದಿನದ ಕೆಲಸ ಎಂದೆ. ಮಾವ ಒಂದು ಮಳೆಗಾಲದ ಗಡುವು ಬೇಡಿಕೊಂಡ. ಜೋಳದ ಹಿಟ್ಟು ಕುದಿಸಿ, ಹಳೆ ಕ್ಯಾಲೆಂಡರ್ ಹರಿದು, ಕಮಾನಿನೊಳಗೆ ಬಿರುಕಿಗೆ ಅಡ್ಡಲಾಗಿ ಚೀಟಿ ಅಂಟಿಸಿದ. ಗೋಡೆ ಅಲುಗಿದರೆ ಚೀಟಿ ಹರಿಯುತ್ತದೆ.

"ಒಂದು ಹರಿದ್ರೂ ಕೆಡವಾಕ ಮೊದಲನೇ ಹಾರಿ ಏಟು ನಂದು" ಅಂದ.

ಕೆಳಗಿನ ಚೀಟಿಯನ್ನು ಮೇಕೆ ತಿಂದಿತು. ಮೇಕೆ ತಿಂದದ್ದು ಹರಿದ ಲೆಕ್ಕವೋ ಅಲ್ಲವೋ ಎಂದು ಹಿರಿಯರು ಒಂದು ಸಂತೆಯ ದಿನವಿಡೀ ವಾದಿಸಿದರು!

ಮಾವ ಅಷ್ಟಕ್ಕೇ ಬಿಟ್ಟನೇ? ಹೊಸ್ತಿಲ ಹೊರಗೆ ನಿಂತೇ ಕೈ ಚಾಚಿ, ನನ್ನ ಮನೆಯ ಬಾಗಿಲ ಬಳಿಯ ತಗ್ಗು ತೊಲೆಯ ಕೆಳಗಿನ ಕೂದಲೆಳೆ ಬಿರುಕಿಗೂ ಒಂದು ಅಂಟಿಸಿದ.

"ಮಾವಾ, ಇದು ಸಿಮೆಂಟ್."

"ಹಂಗಾದ್ರ ಚೀಟಿಗೆ ಯಾಕ ಅಂಜತಿ?"

ಶ್ರಾವಣದ ಜಡಿಮಳೆಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ನನ್ನ ಚೀಟಿ ಎರಡು ತುಂಡು. ಹೆಂಡತಿಗೆ ಹಲ್ಲಿ ಹರಿದಿದೆ ಎಂದೆ. ಕದ್ದುಮುಚ್ಚಿ ಹೊಸದು ಅಂಟಿಸಿದೆ. ಎರಡೇ ದಿನಕ್ಕೆ ಅದೂ ಹರಿಯಿತು. ಅದೇ ತೊಲೆಯ ಕೆಳಗೆ ಮೂರು ಮಕ್ಕಳು ಮಲಗುತ್ತಿದ್ದವು. ಊರಿಗೆ ಗೊತ್ತಾದರೆ ನನಗೆ ಯಾರು ಕೆಲಸ ಕೊಟ್ಟಾರು? ಅಂಟಿಸುತ್ತಲೇ ಹೋದೆ. ಮಾತಾಡುವಾಗಲೂ ಕಣ್ಣು ಮೇಲೆಯೇ.

ಮಳೆ ನಿಂತ ಮೇಲೆ ಹಿರಿಯರು ಬಂದರು. ಮೇಕೆ ತಿಂದದ್ದೊಂದು ಬಿಟ್ಟರೆ ಅಗಸಿಯ ಚೀಟಿಗಳು ಒಂದೂ ಹರಿದಿರಲಿಲ್ಲ. ಅಗಸಿ ಇರಲಿ, ಲಾರಿಗಳೇ ಸುತ್ತು ಹಾಕಿಕೊಂಡು ಬರಲಿ ಎಂದಾಯಿತು. ಅವರಲ್ಲೊಬ್ಬರು ನನ್ನ ಬಾಗಿಲಿಗೆ ಬಂದು, ಅಳಿಯನ ಚೀಟಿ ಏನು ಹೇಳುತ್ತದೆ ಎಂದು ಮಾವನನ್ನು ಕೇಳಿದರು. ಮಾವ ಮುಟ್ಟಿ ನೋಡಿದ. ಬೆಳಿಗ್ಗೆಯ ಅಂಟು ಇನ್ನೂ ಹಸಿಯಿತ್ತು.

ಅವನು ಬೆರಳನ್ನು ಧೋತರಕ್ಕೆ ಒರೆಸಿಕೊಂಡ. "ಗಟ್ಟಿ ಐತ್ರಿ. ನನ್ನ ಅಳಿಯನ ಕೈಕೆಲಸ."

ಅವರು ಓಣಿ ತಿರುಗುವವರೆಗೆ ಕಾದು, ಮೆಲ್ಲಗೆ ಹೇಳಿದ: "ಹುಡುಗರನ್ನ ಹೊರಗ ಕರಿ. ನೀ ಕಂಬ ತಗೊಂಡು ಬಾ."

ಆಸರೆಯ ಕಂಬ ಹೊತ್ತು ಓಡಿ ಬಂದೆ. ಮಾವ ಒಳಗಿದ್ದ. ಎರಡೂ ಅಂಗೈಗಳನ್ನು ತೊಲೆಗೆ ಕೊಟ್ಟು, ಕಣ್ಣು ಮುಚ್ಚಿ ನಿಂತಿದ್ದ. ಕಾಲುಗಳು ಗಡಗಡ ನಡುಗುತ್ತಿದ್ದವು. ಕೈ ಮಾತ್ರ ಇಳಿಸಿರಲಿಲ್ಲ.