ಜರಿಯಂಚಿನ ಪೂರಿ

ಕೊಳ್ಳೇಗಾಲದ ರಾಮಲಿಂಗಯ್ಯ ನೇಯ್ದ ರೇಷ್ಮೆ ಸೀರೆ ಉಟ್ಟು ಧಾರೆ ಎರೆಸಿಕೊಂಡ ಹೆಣ್ಣುಮಕ್ಕಳಿಗೆ ಲೆಕ್ಕವಿಲ್ಲ. ಊರೆಲ್ಲ ಮೆಚ್ಚುವ ಆ ಕೈಗೆ ಮನೆಯಲ್ಲಿ ಮಾತ್ರ ಬೆಲೆಯಿರಲಿಲ್ಲ. ಹೆಂಡತಿ ಚೌಡೇಶ್ವರಿಯ ಬಾಯಿಂದ 'ಚೆನ್ನಾಗದೆ' ಎಂಬ ಒಂದು ಮಾತು ಇಷ್ಟು ವರ್ಷದಲ್ಲಿ ಹೊರಟದ್ದಿಲ್ಲ. (ಉಪ್ಪು ತರಲು ಹೋಗಿ, ದಾರಿಯಲ್ಲಿ ಮೋಡ ನೋಡುತ್ತ ನಿಂತು, ಕೊನೆಗೆ ರವೆ ತರುವ ಗಂಡನನ್ನು ಯಾವ ಹೆಂಡತಿ ಮೆಚ್ಚಾಳು ಎಂದು ನೀವು ಕೇಳಬಹುದು. ಅದೂ ನ್ಯಾಯವೇ.)

ಯಳಂದೂರಿನಿಂದ ಅವಳ ಅಣ್ಣ ರಂಗಸ್ವಾಮಿ ಬಂದಾಗಲಂತೂ "ನಮ್ಮೆಜಮಾನ್ರು ಮಗ್ಗಕ್ಕೊಂದೇ ಸರಿ ಕಣಣ್ಣ" ಎಂದುಬಿಡುತ್ತಿದ್ದಳು. ಅದು ರಾಮಲಿಂಗಯ್ಯನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಆ ಭಾನುವಾರ ರಂಗಸ್ವಾಮಿ ಬರುವವನಿದ್ದ. ಹಾಸಿನ ನೂಲು ಮುಗಿದು ಮಗ್ಗ ಖಾಲಿ ನಿಂತಿತ್ತು. ಮೊಬೈಲಿನಲ್ಲಿ ಖಾರದ ಹೂರಣ ತುಂಬಿದ ಪೂರಿ ನೋಡಿದ್ದಾಗಿತ್ತು: ಎರಡು ಪೂರಿಗಳ ನಡುವೆ ಹೂರಣ ಇಟ್ಟು, ಅಂಚು ಮಡಿಚಿ, ಎಣ್ಣೆಗೆ ಬಿಟ್ಟರಾಯಿತು. ಅಣ್ಣನ ಎದುರಿಗೆ ಒಂದೇ ಒಂದು ಸಲ ಅವಳಿಂದ ಹೊಗಳಿಸಿಕೊಳ್ಳಬೇಕೆಂದು ಅವನು ಸಂಕಲ್ಪ ಮಾಡಿದ.

"ಇವತ್ತು ಅಡ್ಗೆ ನಂದು. ನೀನು ಸುಮ್ನೆ ಕೂತ್ಕೊ."

"ಎಲ್ ಕೂತ್ಕಳ್ಳಿ? ನೀರಿನ ಬಿಂದ್ಗೆ ತಕಂಡು ಒಲೆ ಪಕ್ಕದಲ್ಲೇ ಕೂತಿರ್ಲಾ?"

"ಯಾಕೆ?"

"ಬೆಂಕಿ ಅತ್ಕಂಡ್ರೆ ಆರ್ಸದು ಬೇಡ್ವಾ ಕಣ್ರಿ?"

ಅವನು ಒಲೆ ಹಚ್ಚಿದ. ಹಿತಕಿದ ಅವರೆಕಾಳು ಬೇಯಿಸಿ, ನೀರು ಬಸಿದು, ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿ ಬಾಡಿಸಿದ. ಘಮ ಬೀದಿಗೆ ಹೋಯಿತು. ಆರಲೆಂದು ಪಾತ್ರೆಗೆ ತಟ್ಟೆ ಮುಚ್ಚಿ ಬೆನ್ನ ಹಿಂದಿನ ಕಿಟಕಿಯಲ್ಲಿಟ್ಟು ಲಟ್ಟಣಿಗೆ ಹಿಡಿದ.

ಎರಡು ಪೂರಿ ಜೋಡಿಸಿ ಅಂಚು ಮಡಿಚಿದ್ದೇ ತಡ, ಬೆರಳುಗಳಿಗೆ ಜೀವ ಬಂತು. ಇದು ಸೀರೆಯ ಗೋಪುರದಂಚು, ಇದು ರುದ್ರಾಕ್ಷಿ ಅಂಚು. ಕಿಟಕಿಯ ಬಿಸಿಲಲ್ಲಿ ಹಿಟ್ಟಿನ ದೂಳು ಜರಿಯಂತೆ ಮಿನುಗಿತು. ಮನಸ್ಸು ಮೆಲ್ಲಗೆ ಎದ್ದು ಹನೂರು ರಸ್ತೆ ಹಿಡಿಯಿತು. ಅಲ್ಲಿ ಅವನದೊಂದು ಪೂರಿ ಅಂಗಡಿ. ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸುಗಳೆಲ್ಲ ಅಲ್ಲೇ ನಿಲ್ಲುತ್ತಿವೆ. ಸಾಲಿನ ಕೊನೆಯಲ್ಲಿ ರಂಗಸ್ವಾಮಿ ಬೆವರುತ್ತ ನಿಂತಿದ್ದಾನೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಚೌಡೇಶ್ವರಿ ಎಲ್ಲರಿಗೂ ಕೇಳುವಂತೆ "ಎಲ್ಲಾ ನಮ್ಮೆಜಮಾನ್ರ ಕೈಗುಣ" ಎನ್ನುತ್ತಿದ್ದಾಳೆ. ಇತ್ತ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ನೇಕಾರನ ಕೈ ನಡೆಯಲು ಯಜಮಾನ ಊರಲ್ಲೇ ಇರಬೇಕೆಂದೇನಿಲ್ಲ.

ಮಧ್ಯಾಹ್ನ ರಂಗಸ್ವಾಮಿಯ ಎಲೆಗೆ ಪೂರಿ ಬಿತ್ತು. ದುಂಡಗೆ, ಹೊಂಬಣ್ಣಕ್ಕೆ ಉಬ್ಬಿತ್ತು.

"ಏನ್ ಬಾವ, ಸೀರೆ ಅಂಚೇ ಬಂದ್ಬುಟ್ಟದಲ್ಲ" ಎಂದು ಅವನು ಮುರಿದ. ಹಬೆ ಬಂತು. ಇಣುಕಿ ನೋಡಿದ. ಇನ್ನೊಂದು ಮುರಿದ. "ಒಳ್ಗೇನೋ ಮಡಗಿದ್ದೀನಿ ಅಂದ್ರಿ?"

ರಾಮಲಿಂಗಯ್ಯ ಕಿಟಕಿಯತ್ತ ತಿರುಗಿದ. ಮುಚ್ಚಿದ ತಟ್ಟೆ ಮುಚ್ಚಿದಂತೆಯೇ ಇತ್ತು. ಹೂರಣವೆಲ್ಲ ಪಾತ್ರೆಯಲ್ಲೇ ಉಳಿದಿತ್ತು.

ಚೌಡೇಶ್ವರಿಯೂ ನೋಡಿದಳು. ಏನೂ ಆಗದವಳಂತೆ ಎದ್ದು ಪಾತ್ರೆ ತಂದು ಬಡಿಸಿದಳು. "ಬರೀ ಪೂರಿ ಎಂಗ್ ತಿಂದೀಯಣ್ಣ? ಪಲ್ಯ ಆಕುಸ್ಕೊ."

ರಂಗಸ್ವಾಮಿ ಒಂದು ತುತ್ತು ತಿಂದು ಕಣ್ಣು ಮುಚ್ಚಿದ. "ಅವ್ವ ಮಾಡ್ತಿದ್ದಂಗೇ ಅದೆ ಕಣವ್ವ. ನಿನ್ ಕೈರುಚಿ ಎಲ್ಲೂ ಓಗಿಲ್ಲ."

ರಾಮಲಿಂಗಯ್ಯ ಬಾಯಿ ತೆರೆದ. ಪಲ್ಯ ತನ್ನದೆಂದರೆ ಅದು ಎಲ್ಲಿರಬೇಕಾಗಿತ್ತು ಎಂಬುದನ್ನೂ ಹೇಳಬೇಕು. ತೆರೆದ ಬಾಯಿಗೆ ಪೂರಿ ತುರುಕಿಕೊಂಡ.

"ಪೂರಿ ಅವ್ರದು, ಪಲ್ಯ ನಂದು" ಎಂದಳು ಚೌಡೇಶ್ವರಿ, ಕಣ್ಣು ಕೂಡ ಮಿಟುಕಿಸದೆ.

"ಅದ್ಕೇಯ, ಪೂರಿಗೆ ಉಪ್ಪು ಸಾಲ್ದು" ಎಂದ ಅಣ್ಣ.

ಸಂಜೆ ರಾಮಲಿಂಗಯ್ಯ ಖಾಲಿ ಮಗ್ಗದ ಮುಂದೆ ಕುಳಿತಿದ್ದ. ಅವನಿಗೆ ನಿಜಕ್ಕೂ ಅಳು ಬರುವಂತಾಗಿತ್ತು. ಚೌಡೇಶ್ವರಿ ಉಳಿದ ಒಂದು ಪೂರಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ ಬಂದು ಪಕ್ಕದಲ್ಲಿ ಕೂತಳು.

"ಅಂಚು ಚೆನ್ನಾಗದೆ" ಎಂದಳು. "ಒಡಲು ಮರ್ತಿದ್ದೀರಿ, ಅಷ್ಟೇಯ. ಅಣ್ಣ ಇನ್ಮೇಲೆ ಭಾನುವಾರ ಭಾನುವಾರ ಬತ್ತನಂತೆ. ಪೂರಿ ನೀವೇ ಮಾಡಿ. ಪಲ್ಯಾನೂ ನೀವೇ ಮಾಡಿ, ಆದ್ರೆ ಅದು ನಂದು ಅಂತ್ಲೇ ಇರ್ಲಿ. ಪಾತ್ರೇನೂ ನೀವೇ ತೊಳುದ್ಬುಡಿ. ಆಯ್ತಾ?"

ರಾಮಲಿಂಗಯ್ಯ 'ಚೆನ್ನಾಗದೆ' ಎಂಬಲ್ಲೇ ನಿಂತುಬಿಟ್ಟಿದ್ದ. ಮಿಕ್ಕಿದ್ದು ಕಿವಿಗೆ ಬೀಳಲಿಲ್ಲ. ಹನೂರು ರಸ್ತೆಯತ್ತ ನೋಡುತ್ತ ಸಂತೋಷವಾಗಿ ತಲೆಯಾಡಿಸಿದ.