ಕ್ಯಾಟಕಿಸಂ ಎಂಬ ಪಂಥದ ಬಗ್ಗೆ ಒಬ್ಬ ಪೋಷಕನ ಲಿಖಿತ ವಿವರಣೆ

ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯವರಾದ ಸಿಸ್ಟರ್ ಅವರ ಸನ್ನಿಧಿಗೆ, ಹತ್ತನೆಯ ತರಗತಿ ‘ಬಿ’ ವಿಭಾಗದ ಪ್ರಣಾಲಿಯ ತಂದೆಯಾದ ಧಮ್ಮಪಾಲನು ಬೀದರ ನಗರದಿಂದ ಎರಡೂ ಕೈ ಜೋಡಿಸಿ ಬರೆದುಕೊಳ್ಳುವುದು.

ಮಾನ್ಯರೇ,

‘ಓದಿದವರು, ಆದರೂ…’ ಎಂದು ತಾವು ಅಂದಿರೋ, ‘ಓದಿದವರು, ಅದಕ್ಕೇ…’ ಎಂದಿರೋ, ಈಗ ಸರಿಯಾಗಿ ನೆನಪಿಲ್ಲ. ಆ ಹೊತ್ತಿಗೆ ಮೂರನೆಯ ಪೀರಿಯಡ್ಡಿನ ಗಂಟೆ ಹೊಡೆಯಿತು, ತಮ್ಮ ಮಾತಿನ ನಡುವಿನ ಆ ಒಂದು ಪದ ಗಂಟೆಯೊಳಗೆ ಹೋಗಿಬಿಟ್ಟಿತು. ಅಂದಿನಿಂದ ಎರಡನ್ನೂ ಬದಲಿಸಿ ಬದಲಿಸಿ ಹೇಳಿಕೊಂಡು ನೋಡುತ್ತಿದ್ದೇನೆ. ಮೊದಲನೆಯದರಲ್ಲಿ ತಮ್ಮ ಸೌಜನ್ಯ ಕಾಣುತ್ತದೆ, ಎರಡನೆಯದರಲ್ಲಿ ನನ್ನ ಮುಖ. ಯಾವುದೇ ಆಗಿರಲಿ, ಎರಡು ದಿನದೊಳಗೆ ಒಂದು ಪುಟ ಮೀರದಂತೆ ಲಿಖಿತ ವಿವರಣೆ ಕೊಡಬೇಕೆಂದು ತಾವು ಅಪ್ಪಣೆ ಕೊಡಿಸಿದಿರಿ. ಎರಡು ದಿನ ಎಂಬುದನ್ನು ಪಾಲಿಸಿದ್ದೇನೆ. ಒಂದು ಪುಟ ಎಂಬುದು ನನ್ನಂಥವನಿಗೆ ಸಾಧ್ಯವಿಲ್ಲದ ಮಾನದಂಡ. ಇಪ್ಪತ್ತೆರಡು ವರ್ಷ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ತಪ್ಪೊಪ್ಪಿಕೊಳ್ಳಲಿಕ್ಕೂ ಮುನ್ನುಡಿ ಬೇಡುತ್ತಾನೆ.

ಮೊದಲಿಗೆ ತಮ್ಮ ಶಾಲೆಯ ‘ಗ್ರ್ಯಾಜುಯೇಶನ್ ಮಾನದಂಡಗಳು’ ಎಂಬ ಮೂವತ್ತಾರು ಪುಟದ ಪುಸ್ತಿಕೆಯನ್ನು ಮನಸಾರೆ ಹೊಗಳಲು ಅವಕಾಶ ಕೊಡಬೇಕು. ನಾನು ಔರಾದ ತಾಲೂಕಿನ ಡಾಬಕಾದಿಂದ ಹತ್ತನೆಯ ತರಗತಿ ಮುಗಿಸಿದಾಗ, ಮುಗಿಯುವುದೆಂದರೆ ಮುಗಿಯುವುದು, ಅಷ್ಟೇ ಇತ್ತು. ಮರುದಿನದಿಂದ ಶಾಲೆಗೆ ಹೋಗುತ್ತಿರಲಿಲ್ಲ. ತಮ್ಮಲ್ಲಿ ಹಾಗಲ್ಲ. ಸರ್ಕಾರದ ಪರೀಕ್ಷೆ ಪಾಸಾಗುವುದು ಮಾನದಂಡಗಳಲ್ಲಿ ಮೊದಲನೆಯದು ಮಾತ್ರ, ಅದೂ ಪುಸ್ತಿಕೆಯಲ್ಲಿ ಒಂದೂವರೆ ಸಾಲು. ಆಮೇಲೆ ಪ್ರತಿ ವಿಷಯದಲ್ಲಿ ನೂರಕ್ಕೆ ಅರವತ್ತು, ಹಾಜರಾತಿ ನೂರಕ್ಕೆ ತೊಂಬತ್ತು, ಮೂವತ್ತು ತಾಸು ಸೇವೆ, ಒಂದು ವಾದ್ಯ ಅಥವಾ ಗಾಯನವೃಂದ, ಕೊನೆಗೆ ಮೂರು ವರ್ಷದ ಮೌಲ್ಯ ಶಿಕ್ಷಣ. ಇವೆಲ್ಲ ತುಂಬಿದವರಿಗೆ ಕಪ್ಪು ಗೌನು, ಗೊಂಡೆಯ ಟೋಪಿ, ಶಾಲೆಯದೇ ಪ್ರಮಾಣಪತ್ರ; ಆ ಪ್ರಮಾಣಪತ್ರ ಇದ್ದವರಿಗೆ ತಮ್ಮದೇ ಪಿ.ಯು. ವಿಜ್ಞಾನ ವಿಭಾಗದಲ್ಲಿ ಅರ್ಜಿಯಿಲ್ಲದೆ ಸೀಟು. ಆ ವಿಭಾಗದ ಪ್ರಯೋಗಶಾಲೆಯಲ್ಲಿ ಮಗುವಿಗೊಂದು ಸೂಕ್ಷ್ಮದರ್ಶಕ ಇದೆಯೆಂದು ಕೇಳಿದ್ದೇನೆ. ನಾನಿರುವ ಕಾಲೇಜಿನಲ್ಲಿ ಇರುವುದು ಒಂದು. ಅದರ ಕಪಾಟಿನ ಕೀಲಿ ಯಾರ ಹತ್ತಿರ ಇದೆಯೋ ಅವರು ಯಾವಾಗಲೂ ರಜೆಯಲ್ಲಿರುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ತಮ್ಮ ವಿಜ್ಞಾನದ ಶಿಕ್ಷಕಿ ಒಮ್ಮೆ ಮಕ್ಕಳನ್ನು ಆ ಪ್ರಯೋಗಶಾಲೆಗೆ ಕರೆದೊಯ್ದು ಉಳ್ಳಾಗಡ್ಡಿಯ ಸಿಪ್ಪೆ ತೋರಿಸಿದಂದಿನಿಂದ ಪ್ರಣಾಲಿಗೆ ಬೇರೆ ಆಸೆ ಇಲ್ಲ. ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವಾಗ ಅವಳು ಸಿಪ್ಪೆಯನ್ನು ಬೆಳಕಿಗೆ ಹಿಡಿದು ನಿಲ್ಲುತ್ತಾಳೆ, ಪಲ್ಯ ತಡವಾಗುತ್ತದೆ.

ಈಗ ಅಪರಾಧಕ್ಕೆ ಬರುತ್ತೇನೆ.

ಮೂರು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ತಮ್ಮ ಕಚೇರಿಯ ಮುಂದಿನ ಬೆಂಚಿನ ಮೇಲೆ ಕೂತು ಎಂಟನೆಯ ತರಗತಿಯ ಪ್ರವೇಶದ ಫಾರ್ಮು ತುಂಬಿದವನು ನಾನು. ಫಾರ್ಮು ಪೂರ್ತಿ ಇಂಗ್ಲಿಷಿನಲ್ಲಿತ್ತು. ಪೋಷಕರಿಗೆ ಉತ್ತರ ಗೊತ್ತಿರಬಹುದಾದ ಪ್ರಶ್ನೆಗಳನ್ನು ಆದಷ್ಟು ಕಡಿಮೆ ಮಾಡಿ ರಚಿಸಿದ ಅಷ್ಟು ಶುದ್ಧವಾದ ಫಾರ್ಮನ್ನು ನಾನು ಮತ್ತೆಲ್ಲೂ ನೋಡಿಲ್ಲ. ಅದರ ಕೆಳಭಾಗದಲ್ಲಿ ಮೌಲ್ಯ ಶಿಕ್ಷಣ, ಒಂದಕ್ಕೆ ಗುರುತು ಹಾಕಿ ಎಂದಿತ್ತು. ಒಂದು ಚೌಕದ ಪಕ್ಕ ಮಾರಲ್ ಸೈನ್ಸ್, ಇನ್ನೊಂದರ ಪಕ್ಕ ಕ್ಯಾಟಕಿಸಂ. ಮಾರಲ್ ಸೈನ್ಸ್ ನನಗೆ ಗೊತ್ತಿತ್ತು. ಅಂದರೆ ಹಲ್ಲುಜ್ಜುವುದು, ಹಿರಿಯರಿಗೆ ಬಸ್ಸಿನಲ್ಲಿ ಸೀಟು ಬಿಡುವುದು. ಇನ್ನೊಂದು ಗೊತ್ತಿರಲಿಲ್ಲ. ಆದರೆ ಅದು ‘ಇಸಂ’ ಎಂದು ಮುಗಿಯುತ್ತಿತ್ತು.

ಮಾನ್ಯರೇ, ನಾನು ನವ್ಯದ ಬಾಲ ಹಿಡಿದು ಬಂದವನು. ನನ್ನ ಎರಡು ಕವನ ಸಂಕಲನಗಳು ಪ್ರಕಟವಾಗಿ, ಬಹುಪಾಲು ಪ್ರತಿಗಳು ನನ್ನ ಜೊತೆಯಲ್ಲೇ ಮನೆ ಬದಲಿಸುತ್ತಾ ಬಂದಿವೆ. ಇಸಂ ಎಂದು ಮುಗಿಯುವ ಯಾವುದೇ ಮಾತು ನನ್ನ ಎದುರಿಗೆ ಬಂದರೆ ಅದು ನನಗೆ ಮೊದಲೇ ಗೊತ್ತಿತ್ತು ಎಂಬಂತೆ ಮುಖ ಮಾಡುವುದು ನನ್ನ ವೃತ್ತಿಧರ್ಮ. ಯಾವುದೋ ಹೊಸ ಪಂಥ, ಬಹುಶಃ ಚಿತ್ರಕಲೆಯದು, ಹೈಸ್ಕೂಲಿನಲ್ಲೇ ಕಲಿಸುತ್ತಾರಲ್ಲ ಎಂದು ಸಂತೋಷವಾಯಿತು. ಪಕ್ಕದಲ್ಲಿ ನನ್ನ ಹೆಂಡತಿ ಮಹಾಮಾಯಾ ಇದ್ದಳು. ಅವಳು ಮೆಹಕರದವಳು, ಭಾಲ್ಕಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೌಂಟರಿನ ಆಚೆ ಕೂತು ದಿನಕ್ಕೆ ನೂರು ಫಾರ್ಮು ತಿದ್ದುವವಳು. ‘ಗೊತ್ತಿಲ್ಲಂದ್ರ ಒಳಗ ಹೋಗಿ ಕೇಳ್ರಿ, ಕೇಳಿದ್ರ ಏನಾಗ್ತದ?’ ಎಂದಳು. ಕೇಳಿದರೆ ಏನಾಗುತ್ತದೆ ಎಂಬುದನ್ನು ಅವಳಿಗೆ ವಿವರಿಸುವುದು ಕಷ್ಟ. ಕವಿತೆಯ ಅರ್ಥ ಕೇಳಬಾರದೆಂದು ಪ್ರತಿವರ್ಷ ಎಪ್ಪತ್ತು ಮಕ್ಕಳಿಗೆ ಹೇಳುತ್ತೇನೆ. ಅದನ್ನೇ ಫಾರ್ಮಿಗೂ ಅನ್ವಯಿಸಿದೆ. ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕಿದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಇತಿಹಾಸದ ಬಸವಕಿರಣ ಅವರಿಗೆ, ಮಗಳು ಕ್ಯಾಟಕಿಸಂ ತೆಗೆದುಕೊಂಡಿದ್ದಾಳೆ ಎಂದು ಸಹಜವೆಂಬಂತೆ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟು, ಈಗಿನ ಕಾಲಕ್ಕೆ ಅದೇ ಬೇಕು ಎಂದು ತಲೆದೂಗಿದರು. ನಾನೂ ತಲೆದೂಗಿದೆ. ಇಬ್ಬರು ಉಪನ್ಯಾಸಕರು ಪರಸ್ಪರ ಅಷ್ಟು ಗೌರವದಿಂದ ಇದ್ದ ಗಳಿಗೆ ನಮ್ಮ ಕಾಲೇಜಿನಲ್ಲಿ ಮತ್ತೆ ಬಂದಿಲ್ಲ.

ಮೂರು ವರ್ಷ ಏನೂ ಸಂಶಯ ಬರಲಿಲ್ಲವೇ ಎಂದು ತಾವು ಕೇಳಬಹುದು. ಬರಬೇಕಿತ್ತು. ಹುಡುಗಿ ಮನೆಗೆ ಬಂದು ಹತ್ತು ಕಟ್ಟಳೆಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಅದನ್ನು ನಾನು ಪಾಶ್ಚಾತ್ಯ ಕಲೆಯ ಹಿನ್ನೆಲೆ ಎಂದುಕೊಂಡೆ. ನನ್ನ ತಾಯಿ ಶೇವಂತಾಬಾಯಿ ಮಾತ್ರ ಬಾಗಿಲ ಹತ್ತಿರ ಕೂತು ಗಮನವಿಟ್ಟು ಕೇಳಿ, ಕೊಲ್ಲಬಾರದು, ಕದಿಯಬಾರದು, ಸುಳ್ಳು ಹೇಳಬಾರದು ಎಂಬುದು ನಮ್ಮ ಪಂಚಶೀಲದಲ್ಲೂ ಇದೆಯಲ್ಲ ಎಂದು ಬೆರಳು ಮಡಿಚಿ ಎಣಿಸಿದಳು. ಆಮೇಲೆ, ‘ನಮ್ದು ಐದು, ಅವರ್ದು ಹತ್ತು. ಫೀಸು ಯಾಕ ಜಾಸ್ತಿ ಅದ ಅಂತ ಈಗ ತಿಳೀತು’ ಎಂದಳು. ನಮ್ಮ ಮನೆಯಲ್ಲಿ ತಮ್ಮ ಪಠ್ಯಕ್ರಮವನ್ನು ಅರ್ಥಮಾಡಿಕೊಂಡವರು ಆಕೆ ಒಬ್ಬಳೇ.

ಇದು ಬಯಲಾದದ್ದು ಈ ವಾರ. ಕ್ಯಾಟಕಿಸಂನಲ್ಲಿ ನೂರಕ್ಕೆ ತೊಂಬತ್ತೇಳು ಪಡೆದ ಹುಡುಗಿ ಯಾರೆಂದು ನೋಡಲು ಚರ್ಚಿನ ಫಾದರ್ ಅವರು ತಮ್ಮ ಶಾಲೆಗೆ ಬಂದರು. ಅವರು ಕರಾವಳಿಯ ಕಡೆಯವರು, ಬೀದರಿಗೆ ಬಂದು ಆರು ತಿಂಗಳಾಗಿಲ್ಲ. ನೀನು ಭಾನುವಾರ ಯಾವ ಚರ್ಚಿಗೆ ಹೋಗುತ್ತೀಯಮ್ಮಾ ಎಂದು ಕೇಳಿದರಂತೆ. ಇವಳು ಇದ್ದದ್ದನ್ನು ಹೇಳಿದಳು: ‘ಚರ್ಚಿಗಿ ಹೋಗಂಗಿಲ್ರಿ ಫಾದರ್. ರವಿವಾರ ನಾವೆಲ್ಲಾ ವಿಹಾರಕ್ಕ ಹೋಗ್ತೀವ್ರಿ.’

ಬುದ್ಧವಿಹಾರಕ್ಕೆ ನಾವು ಬರೀ ವಿಹಾರ ಎನ್ನುತ್ತೇವೆಂದು ಸಮುದ್ರದ ದಂಡೆಯಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು? ಪ್ರತಿ ಭಾನುವಾರ ಬುತ್ತಿ ಕಟ್ಟಿಕೊಂಡು ತಿರುಗಾಡಲು ಹೋಗುವ ಕ್ರೈಸ್ತ ಕುಟುಂಬವೊಂದು ಅವರ ಕಣ್ಣಿಗೆ ಕಂಡಿತು. ಮಗಳ ಡೈರಿಯಲ್ಲಿ ದುಂಡಗಿನ ಅಕ್ಷರದಲ್ಲಿ ನನಗೊಂದು ಸಾಲು ಬರೆದು ಕಳಿಸಿದರು: ‘ವಿಹಾರಕ್ಕೆ ವಾರದಲ್ಲಿ ಬೇರೆ ದಿನಗಳಿಲ್ಲವೇ?’ ಈ ಸಾಲನ್ನು ಕನ್ನಡದ ಉಪನ್ಯಾಸಕನು ಹೇಗೆ ಓದಿದನೆಂಬುದು ತಮಗೆ ಗೊತ್ತೇ ಇದೆ. ರಾತ್ರಿಯೆಲ್ಲ ಸಂವಿಧಾನದ ಕಲಮುಗಳನ್ನು ಒಟ್ಟುಹಾಕಿ, ಬೆಳಿಗ್ಗೆ ತಮ್ಮ ಕೋಣೆಯಲ್ಲಿ ಅವರೆದುರು ನಿಂತು, ನಮ್ಮ ವಿಹಾರಕ್ಕೆ ಹೋಗುವ ಹಕ್ಕನ್ನು ನಮ್ಮ ಹಿರಿಯರು ಎಷ್ಟು ನೋವಿನಿಂದ ಗಳಿಸಿದರೆಂದು ಹದಿನೈದು ನಿಮಿಷ ಮಾತಾಡಿದೆ. ಫಾದರ್ ತಾಳ್ಮೆಯಿಂದ ಪೂರ್ತಿ ಕೇಳಿದರು. ಕೇಳಿ, ‘ಮಕ್ಕಳು ಪಾರ್ಕಿಗೆ ಹೋಗಲೇಬಾರದು ಎಂದು ನಾನು ಹೇಳಿಲ್ಲ’ ಎಂದರು.

ಅಲ್ಲಿಂದ ಮುಂದಿನದು ತಮಗೆ ತಿಳಿದದ್ದೇ. ತಾವು ಫೈಲು ತರಿಸಿದಿರಿ. ಫಾರ್ಮಿನ ಮೇಲ್ಭಾಗದಲ್ಲಿ, ಧರ್ಮ ಎಂಬಲ್ಲಿ, ನನ್ನದೇ ಕೈಬರಹದಲ್ಲಿ ಬೌದ್ಧ ಎಂದಿತ್ತು. ಕೆಳಗೆ ನನ್ನದೇ ಗುರುತು ಕ್ಯಾಟಕಿಸಂಗೆ ಬಿದ್ದಿತ್ತು. ಎರಡರ ನಡುವೆ ಒಂಬತ್ತು ಸಾಲು. ಮೂವತ್ತಾರು ಪುಟದ ಮಾನದಂಡಗಳಿರುವ ಸಂಸ್ಥೆಯಲ್ಲಿ ಮೂರು ವರ್ಷ ಯಾರ ಕಣ್ಣೂ ಆ ಒಂಬತ್ತು ಸಾಲನ್ನು ದಾಟದೇ ಇದ್ದದ್ದಕ್ಕೆ ನಾನು ತಮ್ಮನ್ನು ದೂರುವುದಿಲ್ಲ. ನನ್ನ ಓದಿನ ವಿಧಾನಕ್ಕೆ ತಮ್ಮ ಸಂಸ್ಥೆಯಲ್ಲೂ ಅನುಯಾಯಿಗಳಿದ್ದಾರೆಂದು ಮನಸ್ಸಿಗೆ ಸ್ವಲ್ಪ ಹಗುರವಾಯಿತು. ಕ್ಯಾಟಕಿಸಂ ಕ್ರೈಸ್ತ ಮಕ್ಕಳ ಧರ್ಮಪಾಠವೆಂದೂ, ಅದರ ಅಂಕ ಬೇರೆ ಮಕ್ಕಳಿಗೆ ಲೆಕ್ಕಕ್ಕಿಲ್ಲವೆಂದೂ, ಆದ್ದರಿಂದ ಪ್ರಣಾಲಿಯ ಮೌಲ್ಯ ಶಿಕ್ಷಣ ಮೂರು ವರ್ಷಕ್ಕೆ ಸೇರಿ ಸೊನ್ನೆಯೆಂದೂ, ಮಾನದಂಡ ತುಂಬದವರಿಗೆ ಪ್ರಮಾಣಪತ್ರವಿಲ್ಲವೆಂದೂ ತಾವು ಮೃದುವಾಗಿಯೇ ಹೇಳಿದಿರಿ. ನಿಯಮ ಸರಿಯಾಗಿಯೇ ಇದೆ. ಎದ್ದು ಬರುವಾಗ ನಾನು ಎರಡು ಸಲ ಥ್ಯಾಂಕ್ಸ್ ಹೇಳಿದೆ.

ಹೊರಗೆ ವರಾಂಡದಲ್ಲಿ ಒಬ್ಬ ಹಿತೈಷಿ ನನ್ನನ್ನು ಕಂಬದ ಹಿಂದಕ್ಕೆ ಕರೆದರು. ಅವರ ಹೆಸರು ಹೇಳುವುದಿಲ್ಲ, ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ‘ಸರ್, ಟೈಪಿಂಗ್ ಮಿಸ್ಟೇಕ್ ಅಂತ ಎರಡು ಲೈನ್ ಬರ್ದು ಕೊಡ್ರಿ. ಈ ಕಾಲಮ್ಮಿನ ಮಾರ್ಕ್ಸ್ ಆ ಕಾಲಮ್ಮಿಗಿ ಹೋಗ್ತಾವ, ಮುಗೀತು. ಹಳೀ ಫಾರ್ಮು ಯಾರ್ ನೋಡ್ತಾರ್ರಿ.’ ಎಷ್ಟು ಸರಳ. ಮನೆಗೆ ಬಂದು ಆ ಎರಡು ಸಾಲನ್ನು ನಾನು ಬಹಳ ಚೆನ್ನಾಗಿ ಬರೆದೆ. ನನ್ನ ಬರವಣಿಗೆಯಲ್ಲಿ ಅಷ್ಟು ಸ್ಪಷ್ಟವಾದದ್ದು ಹಿಂದೆ ಯಾವುದೂ ಇಲ್ಲ. ಸಹಿ ಮಾಡಿ ಮಂಗಳವಾರ ಸಂಜೆ ಪ್ರಣಾಲಿಯ ಕೈಗೆ ಕೊಟ್ಟೆ.

ಅವಳು ಲಕೋಟೆ ತೆರೆದು ಓದಿದಳು. ಫಾರ್ಮು ನೋಡಿ ಅಂಕಪಟ್ಟಿಯ ಕಾಲಮ್ಮು ಟೈಪ್ ಮಾಡಿದವರು ಯಾರೆಂದು ಕೇಳಿದಳು. ನನಗೇನು ಗೊತ್ತು ಎಂದೆ. ಅವಳಿಗೆ ಗೊತ್ತಿತ್ತು. ಮಾನದಂಡದ ಮೂವತ್ತು ತಾಸು ಸೇವೆಯನ್ನು ಅವಳು ತಮ್ಮ ಕಚೇರಿಯಲ್ಲಿ, ಟೈಪಿಸ್ಟ್ ಅಜೀಜಾ ಬೇಗಂ ಅವರ ಮೇಜಿನ ಪಕ್ಕ ಹಳೆಯ ರಿಜಿಸ್ಟರುಗಳನ್ನು ಜೋಡಿಸುತ್ತಾ ಮುಗಿಸಿದ್ದಳು. ಆಕೆಯ ನೌಕರಿ ಇನ್ನೂ ಕಾಯಂ ಆಗಿಲ್ಲ, ಪ್ರತಿ ಏಪ್ರಿಲ್‌ನಲ್ಲಿ ಹೊಸ ಆರ್ಡರು ಬರಬೇಕು ಎಂಬುದೂ ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ, ಕೇಳಿರಲಿಲ್ಲ.

‘ನೀವು ಟಿಕ್ ಮಾಡಿದ್ದೇ ಅಜೀಜಾ ಮೇಡಂ ಟೈಪ್ ಮಾಡ್ಯಾರ ಪಪ್ಪಾ. ಇದು ಎಂಟನೇದು. ನಾ ಒಯ್ಯಂಗಿಲ್ಲ’ ಎಂದಳು.

ಎಂಟನೆಯದಲ್ಲ, ನೀನೀಗ ಹತ್ತನೆಯದು ಎಂದು ನಾನು ತಿದ್ದಿದೆ. ತರಗತಿಯಲ್ಲ, ಕಟ್ಟಳೆ ಎಂದು ಅವಳು ನನ್ನನ್ನು ತಿದ್ದಿದಳು. ನೆರೆಯವರ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎಂಬ ಎಂಟನೆಯ ಕಟ್ಟಳೆಯನ್ನು ಮೂರು ವರ್ಷ ನಮ್ಮ ಮನೆಯಲ್ಲೇ ಒಪ್ಪಿಸಿದ್ದಳಂತೆ. ನಾನು ಹಿನ್ನೆಲೆ ಎಂದುಕೊಂಡು ಪೇಪರು ಓದುತ್ತಿದ್ದೆ. ಸೀಟು ಹೋಗುತ್ತದಲ್ಲ ಎಂದರೆ, ಹೋಗ್ತದ ಎಂದಳು. ಆಮೇಲೆ ಬಚ್ಚಲಿಗೆ ಹೋಗಿ ನಳ ಬಿಟ್ಟು ಬಹಳ ಹೊತ್ತು ಮುಖ ತೊಳೆದುಕೊಂಡಳು. ಮಹಾಮಾಯಾ ನನ್ನ ಎರಡು ಸಾಲನ್ನು ಓದಿ, ಹರಿಯಲೂ ಇಲ್ಲ, ಬೈಯಲೂ ಇಲ್ಲ. ಬ್ಯಾಂಕಿನಲ್ಲಿ ತಪ್ಪು ಸಹಿಯ ಚೆಕ್ಕನ್ನು ಮರಳಿಸುವಂತೆ ಮೇಜಿನ ಮೇಲೆ ನನ್ನ ಕಡೆಗೆ ಜರುಗಿಸಿದಳು.

ಆದ್ದರಿಂದ, ಮಾನ್ಯರೇ, ಈ ಮೂಲಕ ವಿವರಣೆ ಏನೆಂದರೆ: ಟೈಪಿಂಗಿನಲ್ಲಿ ಯಾವ ತಪ್ಪೂ ಆಗಿಲ್ಲ. ಶ್ರೀಮತಿ ಅಜೀಜಾ ಬೇಗಂ ಅವರು ತಮ್ಮ ಮುಂದಿದ್ದುದನ್ನು ಅಕ್ಷರ ಬಿಡದೆ ಟೈಪ್ ಮಾಡಿದ್ದಾರೆ. ಕ್ಯಾಟಕಿಸಂ ಎಂದರೇನೆಂದು ಗೊತ್ತಿಲ್ಲದೆ, ಗೊತ್ತಿಲ್ಲವೆಂದು ಒಪ್ಪಲು ನಾಚಿ, ಗುರುತು ಹಾಕಿದವನು ನಾನು.

ಇನ್ನು ನನ್ನ ಬೇಡಿಕೆಗಳು. ಮೌಲ್ಯ ಶಿಕ್ಷಣದ ಮೂರು ವರ್ಷದ ಕೊರತೆ ಯಾರದೆಂಬುದು ಈಗ ಸ್ಪಷ್ಟವಾಗಿರುವುದರಿಂದ, ಬರುವ ಜೂನ್‌ನಿಂದ ನನ್ನನ್ನು ಎಂಟನೆಯ ತರಗತಿಯ ಮಾರಲ್ ಸೈನ್ಸಿಗೆ ಸೇರಿಸಿಕೊಳ್ಳಬೇಕು. ಹಿಂದಿನ ಬೆಂಚು ಸಾಕು. ನನ್ನ ಸೊಂಟದಳತೆಗೆ ಸಮವಸ್ತ್ರ ಸಿಗುವುದು ಕಷ್ಟವಾದರೂ ಹೊಲಿಸಿಕೊಳ್ಳುತ್ತೇನೆ, ಟೈ ಕಟ್ಟಲು ಮಗಳಿಗೆ ಬರುತ್ತದೆ. ಮೂರು ವರ್ಷದ ಕೊನೆಗೆ ನಾನು ಪಡೆಯುವ ಅಂಕಗಳನ್ನು, ಅರವತ್ತು ದಾಟಿದರೆ, ಈ ಮಾರ್ಚಿನಿಂದಲೇ ಜಾರಿಗೆ ಬರುವಂತೆ ಪ್ರಣಾಲಿಯ ಹೆಸರಿಗೆ ಜಮಾ ಮಾಡಬೇಕು. ದಾಟದೇ ಇದ್ದರೆ ನನ್ನ ಪೋಷಕರನ್ನು ಕರೆಸಬಹುದು. ತಾಯಿ ಬರುತ್ತಾಳೆ, ಬಂದರೆ ನನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ. ಫಾರ್ಮಿನ ಕೊನೆಗೆ ‘ನನಗೆ ಗೊತ್ತಿಲ್ಲ’ ಎಂಬ ಮೂರನೆಯ ಚೌಕವೊಂದನ್ನು ಮುದ್ರಿಸಬೇಕೆಂದೂ, ಅದಕ್ಕೆ ಗುರುತು ಹಾಕುವ ಪೋಷಕರಿಗೆ ಕುಡಿಯಲು ನೀರು ಕೊಟ್ಟು ಸಮಾಧಾನ ಹೇಳಬೇಕೆಂದೂ ಪ್ರಾರ್ಥನೆ.

ಇವು ಯಾವುವೂ ಆಗುವುದಿಲ್ಲವೆಂದು ನನಗೆ ಗೊತ್ತು. ಹಾಗಿದ್ದರೆ ಗೌನು ಬೇಡ, ಗೊಂಡೆ ಬೇಡ. ಬೇರೆ ಎಲ್ಲ ಮಾನದಂಡಗಳನ್ನೂ ದಾಟಿದ ಒಂದು ಹುಡುಗಿ ಉಳಿದವರಂತೆ ಅರ್ಜಿ ಹಾಕಿ, ಸಾಲಿನಲ್ಲಿ ನಿಂತು, ಆ ಸೂಕ್ಷ್ಮದರ್ಶಕದವರೆಗೆ ಬರಬಹುದೇ ಎಂದು ಮಾತ್ರ ತಿಳಿಸಿ. ಈ ಸಲ ಅರ್ಜಿಯನ್ನು ಅವಳೇ ತುಂಬುತ್ತಾಳೆ.

ಅಂದ ಹಾಗೆ ಫಾದರ್ ಅವರನ್ನು ಈ ಭಾನುವಾರ, ಅವರ ಪ್ರಾರ್ಥನೆ ಮುಗಿದ ಮೇಲೆ, ನಮ್ಮ ವಿಹಾರಕ್ಕೆ ಕರೆದಿದ್ದೇವೆ. ಬುತ್ತಿ ನಮ್ಮದು.

ತಿಳಿಯದ್ದನ್ನು ತಿಳಿದಂತೆ ನಟಿಸುವುದರಲ್ಲಿ ನೂರಕ್ಕೆ ನೂರು ಪಡೆದ,
ತಮ್ಮ ವಿಶ್ವಾಸಿ,
ಧಮ್ಮಪಾಲ

ವಿ.ಸೂ.: ಪುಸ್ತಿಕೆಯ ಇಪ್ಪತ್ತೆರಡನೆಯ ಪುಟದಲ್ಲಿ, ‘ನಷ್ಟವಾದರೂ ನಿಜ ಹೇಳುವ ವಿದ್ಯಾರ್ಥಿ’ಗೆ ಆಂತರಿಕ ಮೌಲ್ಯಮಾಪನದಲ್ಲಿ ಐದು ಅಂಕ ಎಂದಿದೆ, ಆದರೆ ಅದು ಮಾರಲ್ ಸೈನ್ಸಿನ ಮಕ್ಕಳಿಗೆ ಮಾತ್ರ. ಕ್ಯಾಟಕಿಸಂನಲ್ಲಿ ಎಂಟನೆಯ ಕಟ್ಟಳೆಯನ್ನು ತಪ್ಪಿಲ್ಲದೆ ಬರೆದರೆ ಎರಡು ಅಂಕ, ಅದನ್ನು ಅವಳು ಪಡೆದಾಗಿದೆ. ಮಂಗಳವಾರ ಸಂಜೆ ಅವಳು ಮಾಡಿದ್ದು ಎರಡರಲ್ಲಿ ಯಾವ ಕಾಲಮ್ಮಿಗೂ ಕೂಡುವುದಿಲ್ಲವಾದ್ದರಿಂದ, ಪುಸ್ತಿಕೆಯ ಮುಂದಿನ ಆವೃತ್ತಿಯಲ್ಲಿ ಅರ್ಧ ಸಾಲು ಜಾಗ ಬಿಡುವುದು ಒಳಿತು.

ಪತ್ರಿಕೆಗೆ ಕಳಿಸುವ ಈ ಪ್ರತಿಯಲ್ಲಿ ಮಾತ್ರ ಇನ್ನೊಂದು ಮಾತು. ಮೂಲ ಪತ್ರವನ್ನು ಇಂದು ಬೆಳಿಗ್ಗೆ ಪ್ರಣಾಲಿಯೇ ಶಾಲೆಗೆ ಒಯ್ದಳು. ಲಕೋಟೆಗೆ ಅಂಟು ಹಾಕಿರಲಿಲ್ಲ, ಅವಳು ಓದಲೆಂದೇ. ಅವಳು ಅದನ್ನು ತೆರೆಯದೆ ಜೀವಶಾಸ್ತ್ರದ ಪುಸ್ತಕದೊಳಗೆ ಇಟ್ಟುಕೊಂಡು ಆಟೋ ಹತ್ತಿದಳು. ಇದರಲ್ಲಿ ನಾನು ನಿಜವನ್ನೇ ಬರೆದಿದ್ದೇನೆಂದು ನಿನಗೆ ಯಾರು ಹೇಳಿದರು, ಪ್ರಣಾಲಿ?